ಮೊದಲ ಏಟು ಬೀಗರದು

ರಾಯದುರ್ಗದ ಜುಂಜಣ್ಣನಿಗೆ ಬೀಡಿ, ಸಾರಾಯಿ, ಇಸ್ಪೀಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ ಚಟ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ದಾರಿ ಕೇಳಿದವರನ್ನು ತಾನು ಕಾಣದ ಊರಿಗೂ ಧೈರ್ಯವಾಗಿ ಕಳಿಸಿಬಿಡುತ್ತಿದ್ದ. ಹಾಗೆ ಡಿ. ಹಿರೇಹಾಳಿಗೆ ಹೊರಟವರು ಓಬಳಾಪುರದ ಗಣಿಯ ಕೆಂಪು ಧೂಳು ಮೆತ್ತಿಕೊಂಡು ವಾಪಸು ಬಂದು, ಅವನ ಮನೆ ಮುಂದೆ ನಿಂತು ಬೈದು ಹೋದದ್ದೂ ಉಂಟು. ಬೈದವರಿಗೆ ಅವನು ತಣ್ಣೀರು ಕೊಟ್ಟು, ಇನ್ನೊಂದು ದಾರಿ ಹೇಳಿ ಕಳಿಸುತ್ತಿದ್ದ.

ಇಂಥವನ ಮಗಳು ಜ್ಯೋತಿಗೆ ಮಡಕಶಿರಾ ಕಡೆಯಿಂದ ಸಂಬಂಧ ಬಂತು. ಹುಡುಗ ರಾಮಾಂಜಿ ಅಮರಾಪುರದ ಪಶು ಆಸ್ಪತ್ರೆಯಲ್ಲಿ ಸಹಾಯಕ. ಹಿಂದೆ ಬಂದುಹೋದ ಹುಡುಗರಿಗೆಲ್ಲ ಹೆಸರಿಟ್ಟಿದ್ದ ಜ್ಯೋತಿ ಈ ಹುಡುಗನನ್ನು ನೋಡಿ ಸುಮ್ಮನಿದ್ದಳು. ಸುಮ್ಮನಿದ್ದದ್ದಷ್ಟೇ ಅಲ್ಲ, ಅವನಿಗೆ ಎರಡನೇ ಸಲ ಚಹಾ ತಂದುಕೊಟ್ಟಳು. ಅವಳ ತಾಯಿ ಮಂಜಮ್ಮ ಅವತ್ತೇ ಗಂಡನಿಗೆ ಹೇಳಿದ್ದಳು: “ಈ ಸಂಬಂಧ ತಪ್ಪಿದ್ರ ಅಕಿ ಇನ್ನ ಯಾರ ಮುಂದೂ ಕೂಡಾಂಗಿಲ್ಲ. ನೀವು ದಯಮಾಡಿ ಬಾಯಿ ಬಿಗಿ ಹಿಡೀರಿ.”

ಜುಂಜಣ್ಣ ಬಿಗಿ ಹಿಡಿಯುವಷ್ಟರಲ್ಲಿ ಬಾಯಿ ತನ್ನ ಕೆಲಸ ಮುಗಿಸಿತ್ತು. ಅಂಗಳದಲ್ಲಿ ಹುಡುಗನನ್ನು ಮಾತಾಡಿಸುತ್ತ, ಭಾನುವಾರ ಏನು ಮಾಡುತ್ತೀರಿ ಎಂದು ಕೇಳಿದ್ದ. ರಾಮಾಂಜಿ ಸಂಕೋಚದಿಂದ, “ಗೆಳೆಯರೆಲ್ಲ ಸೇರಿ ಒಂದು ಆಟ ಆಡ್ತೀವಿ ಮಾವ. ಒಬ್ಬರು ಕಥೆ ಹೇಳ್ತಾರೆ, ಮಿಕ್ಕೋರು ಆ ಕಥೆಯೊಳಗಿನ ವೀರರು. ರಾಕ್ಷಸ ಎದುರಾದಾಗ ಇಪ್ಪತ್ತು ಮುಖದ ದಾಳ ಹಾಕ್ತೀವಿ. ಯಾರು ಮೊದಲು ಹೊಡೀಬೇಕು, ಯಾರು ಎಷ್ಟು ಚೌಕ ನಡೀಬೇಕು, ಎಲ್ಲಕ್ಕೂ ರೂಲ್ಸ್ ಐತೆ” ಎಂದ.

“ಅಯ್ಯ, ನಮಗ ಹೇಳ್ತೀರೇನ್ರಿ! ನಮ್ಮನಿಯಾಗ ನಮ್ಮಜ್ಜನ ಕಾಲದಿಂದ ಆಡ್ತೀವಿ.”

ತನ್ನ ಗೆಳೆಯನೊಬ್ಬ ಹೋದ ವರ್ಷವಷ್ಟೇ ತರಿಸಿದ ಆಟವನ್ನು ರಾಯದುರ್ಗದಲ್ಲಿ ಒಬ್ಬ ಅಜ್ಜ ಆಡುತ್ತಿದ್ದನೆಂದು ಕೇಳಿ ರಾಮಾಂಜಿ ಬೆರಗಾದ. “ಹಂಗಾದ್ರೆ ನಿಮ್ಮದೇ ಬೇರೆ ರೂಲ್ಸ್ ಇರಬೇಕಲ್ಲ ಮಾವ?”

“ಭಾಳ ಅದಾವ್ರಿ. ಬಂದಾಗ ಹೇಳಿಕೊಡ್ತೀನಿ” ಎಂದು ಜುಂಜಣ್ಣ ಹುಡುಗನ ಬೆನ್ನು ತಟ್ಟಿದ.

ಒಪ್ಪಿಗೆ ವೀಳ್ಯದ ಭಾನುವಾರ ಬಂತು. ಮಡಕಶಿರಾದ ತೂಫಾನ್ ಗಾಡಿಯಿಂದ ಮೊದಲು ಇಳಿದವನು ಹುಡುಗನ ತಂದೆ ಗಂಗಣ್ಣ. ಯಾಕೆಂದರೆ ಅವನು ಇಳಿಯುವ ತನಕ ಬೇರೆ ಯಾರೂ ಇಳಿಯುವಂತಿರಲಿಲ್ಲ. ಆಮೇಲೆ ಅವನ ಅಕ್ಕ ಚಿನ್ನಕ್ಕ, ಕೊನೆಗೆ ರಾಮಾಂಜಿ. ಹುಡುಗನ ತಾಯಿ, ಕುರಿ ಈಯುವ ಹೊತ್ತು ಎಂದು ಹಟ್ಟಿ ಬಿಟ್ಟು ಬಂದಿರಲಿಲ್ಲ. ಹಾಗಾಗಿ ಅವಳ ಪಾಲಿನ ಕೊಂಕು ಮಾತನ್ನೂ ಚಿನ್ನಕ್ಕನೇ ಆಡಬೇಕಾಗಿತ್ತು. ಅವಳು ಅದನ್ನೊಂದು ಭಾರವೆಂದು ತಿಳಿದಿರಲಿಲ್ಲ.

ಊಟವೇನೋ ಸರಾಗವಾಗಿ ಮುಗಿಯಿತು. ಚಿನ್ನಕ್ಕ ಹೋಳಿಗೆಯನ್ನು ಬರೀ ಮೂರು ಸಲ ಹಳಿದು ನಾಲ್ಕು ತಿಂದಳು. ಆದರೆ ಭಾನುವಾರದ ರಾಹುಕಾಲ ಸಂಜೆಗೇ ಬಂದು ಕೂರುವಂಥದ್ದು. ಅದು ಕಳೆದ ಮೇಲೆಯೇ ವೀಳ್ಯ ಎಂದು ತೀರ್ಮಾನವಾಗಿತ್ತು. ಈ ಸೀಮೆಯಲ್ಲಿ ವೀಳ್ಯವೆಂದರೆ ಎಲೆ ಅಡಿಕೆ ಅಲ್ಲ, ಮಾನ. ಮೊದಲ ವೀಳ್ಯ ಯಾರ ಕೈಗೆ, ಎರಡನೆಯದು ಯಾರ ಕೈಗೆ ಎಂಬ ಮಾತಿನಲ್ಲಿ ಕಟ್ಟಿದ ಚಪ್ಪರಗಳು ಬಿಚ್ಚಿಹೋಗಿವೆ. ಮೂರನೆಯ ವೀಳ್ಯ ಸಿಕ್ಕ ಮಹಾನುಭಾವರೊಬ್ಬರು ಇವತ್ತಿಗೂ ತಂಗಿಯ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಅಂಥ ವೀಳ್ಯದ ತಟ್ಟೆಯನ್ನು ದೇವರ ಗೂಡಿನ ಮುಂದಿಟ್ಟು ಎರಡೂ ಕಡೆಯವರು ಹೊತ್ತು ಕಳೆಯಲು ಕುಳಿತಾಗ, ರಾಮಾಂಜಿ ಜೇಬಿನಿಂದ ದಾಳ ತೆಗೆದ.

“ಮಾವ, ನಿಮ್ಮ ಮನೆ ರೂಲ್ಸ್‌ನಾಗೇ ಆಡೋಣ.”

ಮಂಜಮ್ಮ ಗಂಡನನ್ನು ನೋಡಿದಳು. ಜುಂಜಣ್ಣ ಸೂರು ನೋಡಿದ.

ಜುಂಜಣ್ಣನದು ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಕಾರ್ಖಾನೆ. ಮನೆಯ ಕೆಳಗೇ ಮಷೀನುಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಅದರ ಮೇಲೆ ನೀಲಿ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಚೌಕ ಎಳೆದರು. ಪ್ಯಾಂಟಿನ ಹಿತ್ತಾಳೆ ಗುಂಡಿಗಳೇ ವೀರರು, ತಲಾ ಒಂದೊಂದು. ಬಟ್ಟೆಯ ಆ ತುದಿಗೆ ಗುಹೆ. ಗುಹೆಯ ಬಾಗಿಲಲ್ಲಿ ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಅದೇ ರಾಕ್ಷಸ. ಜ್ಯೋತಿ ತನ್ನ ಗುಂಡಿ ವೈದ್ಯೆ ಎಂದಳು. ಬಿದ್ದವರನ್ನು ಎಬ್ಬಿಸುವ ಮದ್ದು ಅವಳ ಹತ್ತಿರ ಇರುತ್ತದೆ ಎಂದು ರಾಮಾಂಜಿ ಒಪ್ಪಿದ. ಜುಂಜಣ್ಣನ ಮುದಿ ತಾಯಿ ದುರುಗಕ್ಕನಿಗೂ ಒಂದು ಗುಂಡಿ ಸಿಕ್ಕಿತು. ವೀಳ್ಯಕ್ಕೆ ಸಾಕ್ಷಿಯೆಂದು ಕರೆದಿದ್ದ ಪಕ್ಕದ ಮನೆಯ ಕೊಟ್ರಬಸಪ್ಪನಿಗೂ ಒಂದು. ಈತ ಜಮೀನು ಅಳೆಯುವ ಸರ್ವೇಯರಾಗಿ ನಿವೃತ್ತನಾದವನು. ಕೆಲಸ ಅವನನ್ನು ಬಿಟ್ಟಿದ್ದರೂ ಅವನು ಟೇಪು ಬಿಟ್ಟಿರಲಿಲ್ಲ.

“ಯಾರು ಮೊದಲು ಹೊಡೀಬೇಕು ಅನ್ನೋಕೆ ಎಲ್ಲಾರೂ ಒಂದೊಂದು ಸಲ ದಾಳ ಹಾಕಿ. ದೊಡ್ಡ ಅಂಕಿ ಬಂದೋರು ಮೊದಲು” ಎಂದ ರಾಮಾಂಜಿ.

ದುರುಗಕ್ಕನಿಗೆ ಹತ್ತೊಂಬತ್ತು ಬಿತ್ತು. ಕೊಟ್ರಬಸಪ್ಪನಿಗೆ ಹದಿನೈದು. ಗಂಗಣ್ಣ ದಾಳವನ್ನು ಕಣ್ಣಿಗೊತ್ತಿಕೊಂಡು ಹಾಕಿದ. ಎರಡು ಬಿತ್ತು. ಉಳಿದವರಿಗೆಲ್ಲ ಅದಕ್ಕಿಂತ ಹೆಚ್ಚೇ ಬಿದ್ದಿತ್ತು.

“ಅಂದ್ರೆ ನಾನು ಕೊನೆ?” ಎಂದ ಗಂಗಣ್ಣ ಮೆಲ್ಲಗೆ.

“ಹೆಣ್ಣಿನ ಮನೇಲಿ ಗಂಡಿನ ತಂದೆ ಕೊನೆ. ಅದೂ ಪಕ್ಕದ ಮನೆಯೋರಾದ ಮ್ಯಾಲೆ” ಎಂದು ಚಿನ್ನಕ್ಕ ಜೋರಾಗಿ ಬಿಡಿಸಿ ಹೇಳಿದಳು. “ನೋಡ್ಕೊಳಪ್ಪ ಗಂಗ. ಆಟದಾಗೇ ಹಿಂಗಾದ್ರೆ ಲಗ್ನದಾಗೆ ನಮ್ಮನ್ನ ಚಪ್ಪಲಿ ಬಿಡೋ ತಾವ ಕೂರಿಸ್ತಾರೆ.”

ಜುಂಜಣ್ಣ ಸೀಮೆಸುಣ್ಣ ಕೆಳಗಿಟ್ಟ. ಅವನಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದ ನಿಯಮಗಳೆಲ್ಲ ಮದುವೆ ಚಪ್ಪರದವು. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಅವನ್ನೇ ಹಿಡಿದ.

“ಆ ದಾಳದ್ದು ಬಿಡ್ರಿ ಬೀಗರ, ಅದು ಸುಮ್ನ ಶಾಸ್ತ್ರಕ್ಕ. ನಮ್ಮನಿ ರೂಲ್ಸ್ ಏನಂದ್ರ, ಮೊದಲ ಏಟು ಯಾವತ್ತಿದ್ರೂ ಬೀಗರದ. ಅವರೊಳಗೂ ವಯಸ್ಸಿನಾಗ ಹಿರೀರು ಮೊದಲು.”

ಗಂಗಣ್ಣನ ಮುಖ ಅರಳಿತು. ಅರಳಿದ್ದು ಪೂರ್ತಿ ಅರಳುವ ಮೊದಲೇ ಬಾಡಿತು. “ಹಂಗಾದ್ರೆ ಅಕ್ಕ ಮೊದಲು?”

“ನಾನ್ಯಾಕೆ ಮೊದಲು? ನಿನಗಿಂತ ನಾನು ದೊಡ್ಡೋಳು ಅಂತ ಯಾವನು ಹೇಳಿದ್ದು?” ಎಂದಳು ಚಿನ್ನಕ್ಕ.

“ಅಕ್ಕ ಅಂತೀನಲ್ಲೇ, ಹುಟ್ಟಿದಾಗಿಂದ!”

“ನೀನು ಕರೀತೀಯ. ನಾನು ಓಗೊಡ್ತೀನಿ. ಅಷ್ಟಕ್ಕೇ ವಯಸ್ಸಾಗ್ತದಾ?”

ಕೊಟ್ರಬಸಪ್ಪ ಗಂಟಲು ಸರಿಮಾಡಿಕೊಂಡ. ಸರ್ಕಾರಿ ದಾಖಲೆ ಇರುವಾಗ ಬಾಯಿ ಮಾತು ಯಾಕೆ, ಎಲ್ಲರೂ ಆಧಾರ್ ಕಾರ್ಡ್ ತೆಗೆಯಲಿ ಎಂದ. ತೆಗೆದರು. ಕಾರ್ಡಿನ ಪ್ರಕಾರ ಅಲ್ಲಿದ್ದ ಹಿರಿಯರೆಲ್ಲ ಜನವರಿ ಒಂದನೇ ತಾರೀಖಿನಂದೇ ಹುಟ್ಟಿದ್ದರು. ಚಿನ್ನಕ್ಕ ತಮ್ಮನಿಗಿಂತ ಆರು ವರ್ಷ ಚಿಕ್ಕವಳು. ದುರುಗಕ್ಕ ತನ್ನ ಮಗ ಜುಂಜಣ್ಣನಿಗಿಂತ ಬರೀ ಎಂಟು ವರ್ಷ ದೊಡ್ಡವಳು.

“ದಾಖಲೆ ಅಂದ್ರ ದಾಖಲೆ” ಎಂದು ಕೊಟ್ರಬಸಪ್ಪ ತೀರ್ಪು ಕೊಟ್ಟ. ಚಿನ್ನಕ್ಕ ಕಾರ್ಡನ್ನು ಎದೆಗೊತ್ತಿಕೊಂಡು ಎರಡನೆಯ ಸ್ಥಾನವನ್ನು ಸಂತೋಷದಿಂದ ಒಪ್ಪಿದಳು. ಗಂಗಣ್ಣ ಮೊದಲಿಗನಾದ. ಹತ್ತೊಂಬತ್ತು ಹಾಕಿದ್ದ ದುರುಗಕ್ಕ ಮೂರನೆಯವಳಾಗಿ ಗೊಣಗಿದಳು. ಅವಳ ಹಿಂದೆ ಕೊಟ್ರಬಸಪ್ಪ, ಮಂಜಮ್ಮ. ಹುಡುಗಿ ಎಲ್ಲರಿಗಿಂತ ಕಿರಿಯಳು, ಅವಳದು ಆಮೇಲೆ. ಮನೆ ಯಜಮಾನ ಎಲ್ಲರ ಊಟವಾದ ಮೇಲೆ ಉಣ್ಣುವವನಾದ್ದರಿಂದ ಜುಂಜಣ್ಣನ ಸರದಿ ಕಟ್ಟಕಡೆಗೆ.

“ಮತ್ತೆ ರಾಕ್ಷಸ ಯಾವಾಗ ಹೊಡೀತಾನೆ ಮಾವ?” ಎಂದು ರಾಮಾಂಜಿ ನಗು ತಡೆದುಕೊಂಡು ಕೇಳಿದ. ಕಥೆ ಹೇಳುವವನು ಅವನೇ ಆದ್ದರಿಂದ ರಾಕ್ಷಸನ ಪರ ವಕಾಲತ್ತೂ ಅವನದೇ.

“ಗುಹೆ ಯಾರದ್ರಿ? ಅವಂದು. ಅಂದ ಮ್ಯಾಲ ನಾವು ಬಂದ ನೆಂಟರು, ಅವನು ಮನಿಯವನು. ನೆಂಟರ ಪಾಳಿ ಮುಗಿಯೋತನ ಮನಿಯವನು ಕೈ ಎತ್ತಬಾರದು.”

“ಅಪ್ಪಾ, ಹೊಡಿಯಾಕ ಹೋದೋರನ್ನ ನೆಂಟರು ಅಂತಾರೇನು?” ಎಂದಳು ಜ್ಯೋತಿ.

“ಲಗ್ನದಾಗ ನೋಡಿಲ್ಲೇನವ್ವ” ಎಂದ ಜುಂಜಣ್ಣ.

ನಡೆಯುವುದರ ನಿಯಮ ಇದಕ್ಕಿಂತ ಸೊಗಸಾಯಿತು. ಬೀಗರು ನಡೆಯುವಾಗ ಯಾರೂ ಅಡ್ಡ ಬರುವಂತಿಲ್ಲ. ಬೀಗರು ಗೋಡೆ ಪಕ್ಕ ಸರಿದು ಹೋಗುವಂತಿಲ್ಲ, ನಟ್ಟ ನಡುವೆಯೇ ಹೋಗಬೇಕು. ಚೌಕದ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋದರೆ ಅದನ್ನು ಒಂದು ಚೌಕವೆಂದು ಎಣಿಸುವುದು ಕಾನೂನು ಬಾಹಿರವೆಂದು ಕೊಟ್ರಬಸಪ್ಪ ಟೇಪು ಬಿಚ್ಚಿದ. ಅವನು ಅಳೆದು ಮುಗಿಸುವಷ್ಟರಲ್ಲಿ ದುರುಗಕ್ಕ ಕೂತಲ್ಲೇ ಸಣ್ಣ ನಿದ್ದೆ ತೆಗೆದಳು. ಎದ್ದವಳೇ ಗಡಿಯಾರ ನೋಡಿ, “ಲೇ ಜುಂಜ, ಇನ್ನೇನು ರಾಹುಕಾಲ ಬಂತಲ್ಲೋ! ರಾಹುಕಾಲದಾಗ ಹೊರಟ್ರ ಉಳೀತಾರೇನು?” ಎಂದಳು.

ಜುಂಜಣ್ಣನಿಗೆ ಈಗ ಕೈ ಪಳಗಿತ್ತು. “ಈಗ್ಲೇ ಪ್ರಸ್ಥಾನ ಇಟ್ಟುಬಿಡಾಣ” ಎಂದ. ಕೆಟ್ಟ ಹೊತ್ತಿಗೆ ಮುಂಚೆಯೇ ಗಂಟನ್ನು ಹೊಸ್ತಿಲಾಚೆ ಇಟ್ಟುಬಿಟ್ಟರೆ ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ ತಾನೆ? ಹಾಗೆಯೇ ಎಲ್ಲ ಗುಂಡಿಗಳನ್ನೂ ಪುಕ್ಕಟೆಯಾಗಿ ಮುಂದಕ್ಕೆ ಸರಿಸಿದರು. ಅಕ್ಕರೆಯಿಂದ ಸರಿಸುತ್ತ ಸರಿಸುತ್ತ ಇಡೀ ಬಳಗವನ್ನು ರಾಕ್ಷಸನ ಮೂಗಿನ ಕೆಳಗೆ ತಂದು ನಿಲ್ಲಿಸಿದರು. ರಾಮಾಂಜಿ ಜ್ಯೋತಿಯನ್ನು ನೋಡಿದ, ಜ್ಯೋತಿ ಸೆರಗು ಬಾಯಿಗೆ ಇಟ್ಟುಕೊಂಡಳು.

“ಹೊರಡ್ರಿ ಬೀಗರ” ಎಂದ ಜುಂಜಣ್ಣ.

ಗಂಗಣ್ಣ ಎದ್ದು ನಿಂತು ಟವೆಲ್ಲು ಸರಿಮಾಡಿಕೊಂಡು, ತನ್ನ ಗುಂಡಿಯನ್ನು ನಟ್ಟ ನಡುವೆ, ರಾಕ್ಷಸನ ಎದುರಿನಿಂದಲೇ ಗುಹೆಯೊಳಕ್ಕೆ ನಡೆಸಿದ. ಗುಹೆಗೆ ಮೊದಲು ನುಗ್ಗಿದವನೆಂಬ ಮಾನವೂ ತನಗೇ ಬರಲಿ ಎಂಬುದು ಅವನ ಲೆಕ್ಕ.

“ಅಪ್ಪ, ಕೈಗೆ ಸಿಗೋ ಅಷ್ಟು ಹತ್ರ ಇದ್ದೋರು ಅವನ ಪಕ್ಕದಲ್ಲೇ ಹಾದುಹೋದ್ರೆ ರಾಕ್ಷಸ ತನ್ನ ಸರದಿಗೆ ಕಾಯಲ್ಲ. ಇದು ಮೂಲ ಆಟದ್ದೇ ರೂಲು. ಕಚ್ಚೋ ನಾಯಿ ಮುಂದೆ ನಡೆದಂಗೆ” ಎಂದು ರಾಮಾಂಜಿ ದಾಳ ಉರುಳಿಸಿದ. ಇಪ್ಪತ್ತು ಬಿತ್ತು, ಅದಕ್ಕಿಂತ ದೊಡ್ಡ ಏಟಿಲ್ಲ. ಅವನ ಮುಖ ಸಣ್ಣಗಾಯಿತು. “ಅಪ್ಪ... ನೀವು ಸತ್ತ್ರಿ.”

“ಏನಂದೆ?”

“ಆಟದಾಗೆ ಅಪ್ಪ.”

“ಮೊದಲನೇ ಹೆಜ್ಜೆಗೇ?”

“ಎರಡನೇದು” ಎಂದು ಕೊಟ್ರಬಸಪ್ಪ ಟೇಪು ನೋಡಿ ತಿದ್ದಿದ. “ಆದ್ರ ನನ್ನ ಅಳತಿಯೊಳಗ ಬೀಗರು ಚೌಕದಿಂದ ಅರ್ಧ ಹೊರಗ ಅದಾರ. ಅರ್ಧ ಸತ್ತಾರ ಅಂತ ಬರಕೋಬಹುದು.”

ಈ ರಿಯಾಯಿತಿಯಿಂದ ಗಂಗಣ್ಣನಿಗೆ ಸಮಾಧಾನವಾಗಲಿಲ್ಲ. “ಕರೆದು, ಹೋಳಿಗೆ ಇಕ್ಕಿ, ಮೊದಲ ಏಟು ನಿಂದೇ ಅಂತ ಮುಂದಕ್ಕೆ ತಳ್ಳಿ ಸಾಯಿಸಿದ್ರಲ್ಲ ಬೀಗ್ರೆ!” ಎಂದು ಕುರ್ಚಿ ಹಿಂದಕ್ಕೆ ಸರಿಸಿ ಗೋಡೆ ಕಡೆ ಮುಖ ಮಾಡಿ ಕೂತ.

ಈಗ ಎರಡನೆಯವಳಾದ ಚಿನ್ನಕ್ಕನ ಸರದಿ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಒಮ್ಮೆ ನೋಡಿದಳು. “ನನಗೇನು ಅವಸರ? ಹಿರೀರಿದಾರೆ. ದುರುಗಕ್ಕನೋರೇ ಮೊದಲು ಹೋಗ್ಲಿ.”

“ಎಲ್ಲಾರ ಉಂಟೇನವ್ವ! ಬೀಗರನ್ನ ಬಿಟ್ಟು ನಾನು ಮುಂದ ಹೋದ್ರ ಜನ ಏನಂದಾರು?” ಎಂದು ದುರುಗಕ್ಕ ಹಲ್ಲಿಲ್ಲದ ಬಾಯಲ್ಲಿ ವಿನಯ ಸುರಿಸಿದಳು. ಇಷ್ಟು ಹೊತ್ತು ಮೂರನೆಯ ಸ್ಥಾನಕ್ಕೆ ಗೊಣಗುತ್ತಿದ್ದವಳು ಇವಳೇ. “ಕೊಟ್ರಬಸಪ್ಪ ಹೋಗ್ಲಿ, ಗಂಡಸು.”

“ನಾನು ಪಕ್ಕದ ಮನಿಯವ. ನಿಮ್ಮ ಸಂಬಂಧದ ನಡುವ ನಾ ಬರಬಾರದು. ಮಂಜಮ್ಮ ಹೋಗ್ಲಿ” ಎಂದ ಕೊಟ್ರಬಸಪ್ಪ. ಮಂಜಮ್ಮನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ನೀವು ಮೊದಲು, ನೀವು ಮೊದಲು ಎಂಬ ಉಪಚಾರ ಏರುತ್ತ ಏರುತ್ತ ಜಗಳವೇ ಆದಾಗ ಜುಂಜಣ್ಣ ಮೇಜು ಗುದ್ದಿ ಇನ್ನೊಂದು ನಿಯಮ ಹುಟ್ಟಿಸಿದ: ಪಾಳಿ ಬಿಟ್ಟುಕೊಟ್ಟವರು ಈ ಸುತ್ತು ಮುಗಿಯುವ ತನಕ ಬಾಯಿ ಬಿಡುವಂತಿಲ್ಲ. ಎಲ್ಲರೂ ಬಾಯಿ ಮುಚ್ಚಿದರು. ಅವತ್ತು ಬೆಳಗಿನಿಂದ ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ಇದ್ದದ್ದು ಅದೇ ಮೊದಲು.

ಆ ನಿಶ್ಶಬ್ದವೇ ಕೆಲಸ ಕೆಡಿಸಿತು. ಕಿಟಕಿಯಾಚೆ ನಿಂತು ಕೇಳುತ್ತಿದ್ದ ಓಣಿಯ ಹೆಂಗಸರಿಗೆ ‘ಸಾಯಿಸಿದ್ರಲ್ಲ’ ಎಂಬ ಕೂಗೂ ಕೇಳಿತ್ತು, ಅದರ ಹಿಂದೆ ಬಂದ ಮೌನವೂ ಕೇಳಿತು. ಜುಂಜಣ್ಣನ ಬೀಗರು ಹೋಳಿಗೆ ಉಂಡು ತೀರಿಕೊಂಡರು ಎಂಬ ಸುದ್ದಿ ಓಣಿಯ ಮೂಲೆ ಮುಟ್ಟುವಾಗ ಎದೆನೋವೂ ಸೇರಿತ್ತು, ಬಸ್ ಸ್ಟ್ಯಾಂಡ್ ಮುಟ್ಟುವಾಗ ಮಡಕಶಿರಾಕ್ಕೆ ಹೆಣ ಸಾಗಿಸಲು ಗಾಡಿಯೂ ಗೊತ್ತಾಗಿತ್ತು.

ವಾರ್ಡಿನ ಕೌನ್ಸಿಲರ್ ಬಸವರಾಜೇಶ್ವರಿ ನಲ್ಲಿ ನೀರು ಬಾರದ ದಿನ ಕಾಣಿಸದಿದ್ದರೂ ಸಾವಿಗೆ ತಪ್ಪಿಸಿಕೊಂಡವಳಲ್ಲ. ದೊಡ್ಡದೊಂದು ಚೆಂಡುಹೂವಿನ ಹಾರ ಹಿಡಿದು, “ಅಯ್ಯೋ ಪಾಪಂ! ಎಂಥಾ ಮನುಷ್ಯ!” ಎನ್ನುತ್ತಲೇ ಒಳಗೆ ಬಂದಳು. ಆ ಮನುಷ್ಯನನ್ನು ಅವಳು ಕಂಡೇ ಇರಲಿಲ್ಲ. “ಎಲ್ಲಿ ಮಲಗಿಸೀರಿ?”

ಯಾರೂ ಮಾತಾಡಲಿಲ್ಲ; ಮಾತಾಡುವಂತಿರಲಿಲ್ಲ. ಎಲ್ಲರೂ ಗೋಡೆ ಕಡೆ ತಿರುಗಿ ಕೂತ ಗಂಗಣ್ಣನತ್ತ ಕೈ ತೋರಿಸಿದರು. ಗಂಗಣ್ಣ ತಿರುಗಿದ. ಬಸವರಾಜೇಶ್ವರಿಗೆ ಎದೆ ಧಸಕ್ಕೆಂದಿರಬೇಕು. ಆದರೆ ಎರಡು ಸಲ ಚುನಾವಣೆ ಗೆದ್ದ ಹೆಂಗಸು. ಕಣ್ಣು ಮಿಟುಕಿಸುವುದರೊಳಗೆ ಸಾಗಿ ಹೋಗಿ ಹಾರವನ್ನು ಅವನ ಕೊರಳಿಗೇ ಹಾಕಿ, “ಬೀಗರಿಗೆ ನಮ್ಮ ವಾರ್ಡಿನ ಪರವಾಗಿ ಸನ್ಮಾನ ರೀ!” ಎಂದಳು. ಹಿಂದೆ ಅಳಲು ಸಿದ್ಧರಾಗಿ ಬಂದಿದ್ದ ಹೆಂಗಸರು ದಿಕ್ಕು ತೋಚದೆ ಚಪ್ಪಾಳೆ ತಟ್ಟಿದರು.

ಗಂಗಣ್ಣನಿಗೆ ಜೀವಮಾನದಲ್ಲಿ ಯಾರೂ ಅಷ್ಟು ದೊಡ್ಡ ಹಾರ ಹಾಕಿರಲಿಲ್ಲ. ಮುಖದ ಗಂಟು ಒಂದೆಳೆ ಸಡಿಲಿತು. ಆದರೂ ಪಟ್ಟು ಬಿಡಲಿಲ್ಲ. ರಾಹುಕಾಲ ಕಳೆದು ಜುಂಜಣ್ಣ ಕೈ ಮುಗಿದು, ವೀಳ್ಯದ ಹೊತ್ತಾಯಿತೆಂದಾಗ ತಲೆ ಅಡ್ಡ ಹಾಕಿದ.

“ಹಾರ ಬೇರೆ, ವೀಳ್ಯ ಬೇರೆ. ನಾನು ಸತ್ತಿದೀನಿ. ಸತ್ತೋನ ಕೈಗೆ ಯಾರಾದ್ರೂ ವೀಳ್ಯ ಕೊಡ್ತಾರಾ? ಗಾಡಿ ತೆಗಿಯಲಾ ರಾಮಾಂಜಿ, ಹೊರಡಾನ.”

“ಅಪ್ಪ...” ಎಂದ ರಾಮಾಂಜಿ. ಅವನ ಕೈಯಲ್ಲಿದ್ದ ದಾಳ ಜಾರಿ ನೆಲಕ್ಕೆ ಬಿತ್ತು. ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ. ಮಂಜಮ್ಮನ ಕಣ್ಣು ತುಂಬಿತು. ಜುಂಜಣ್ಣನಿಗೆ ನಿಜಕ್ಕೂ ಭಯವಾಯಿತು. ಹೇಳಲು ಒಂದು ನಿಯಮವೂ ಉಳಿದಿರಲಿಲ್ಲ.

“ಅಪ್ಪಾ, ಈಗ ಯಾರ ಪಾಳಿ?” ಎಂದಳು ಜ್ಯೋತಿ.

“ಪಾಳಿ ಎಲ್ಲೈತವ್ವ, ಬೀಗರು ಎದ್ದಾರ...”

“ಎಲ್ಲಾರೂ ಬಿಟ್ಟುಕೊಟ್ಟಾರ. ನಂದು ಉಳದೈತಿ.” ಅವಳು ಮೇಜಿನ ಕಡೆ ಹೋಗಲಿಲ್ಲ, ದೇವರ ಗೂಡಿನ ಕಡೆ ಹೋದಳು. “ನನ್ನ ಮದುವಿ ವಿಷಯದಾಗ ಮುಂಜಾನಿಂದ ಎಲ್ಲಾರ ಪಾಳಿನೂ ಬಂತು. ಪಕ್ಕದ ಮನಿಯವರದೂ ಬಂತು, ಕೌನ್ಸಿಲರಮ್ಮಂದೂ ಬಂತು. ಈಗ ನಂದು.”

ಚಿನ್ನಕ್ಕ ಏನೋ ಹೇಳಲು ಬಾಯಿ ತೆರೆದಳು. ಕೊಟ್ರಬಸಪ್ಪ ಅವಳತ್ತ ಬೆರಳು ತೋರಿಸಿದ. ಬಾಯಿ ಮುಚ್ಚಿತು.

ಜ್ಯೋತಿ ವೀಳ್ಯದ ತಟ್ಟೆ ಎತ್ತಿಕೊಂಡು ಗಂಗಣ್ಣನ ಎದುರು ನಿಂತಳು. “ಮಾವಾರ, ನಾನು ವೈದ್ಯೆ. ಇದು ಮದ್ದು. ಎರಡೂ ಕೈಲಿ ಹಿಡಕೊಂಡ್ರ ನಿಮಗ ಜೀವ ಬರ್ತೈತಿ. ಹಿಡೀಲಿಲ್ಲ ಅಂದ್ರ ನೀವು ಸತ್ತಂಗ ಲೆಕ್ಕ. ಆಮ್ಯಾಲ ಮುಂದಿನ ಸುತ್ತಿನಿಂದ ಮೊದಲ ಪಾಳಿ ಚಿನ್ನಕ್ಕ ಅತ್ತೀದು.”

ಗಂಗಣ್ಣ ಅಕ್ಕನ ಮುಖ ನೋಡಿದ. ಚಿನ್ನಕ್ಕ 'ನನಗೇನು, ಆಗಲಿ' ಎಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟು ಸಾಕಾಯಿತು. ಗಂಗಣ್ಣ ಎರಡೂ ಕೈ ಚಾಚಿ ತಟ್ಟೆಯನ್ನು ಕಿತ್ತುಕೊಂಡಂತೆ ಹಿಡಿದ.

ತಟ್ಟೆ ಕೈ ಬದಲಾಯಿಸಿತೆಂದರೆ ಒಪ್ಪಿಗೆಯಾದಂತೆ. ದುರುಗಕ್ಕ ಸುತ್ತಿನ ನಿಯಮ ಮರೆತು ಸೋಬಾನೆ ಎತ್ತಿಕೊಂಡಳು. ಅಳಲು ಬಂದಿದ್ದ ಹೆಂಗಸರು ಅರಿಸಿನ ಕುಂಕುಮ ಇಸಿದುಕೊಂಡು, ಉಳಿದ ಹೋಳಿಗೆಯ ವಿಚಾರ ಕೇಳಿದರು. ಗಂಗಣ್ಣ ತಟ್ಟೆ ಹಿಡಿದು, ಹಾರ ಹಾಕಿಕೊಂಡು, ಸತ್ತು ಬದುಕಿದವನ ಗತ್ತಿನಲ್ಲಿ ಫೋಟೋಕ್ಕೆ ನಿಂತ.

ಜುಂಜಣ್ಣ ಮೇಜಿನ ಹತ್ತಿರ ಒಬ್ಬನೇ ಉಳಿದ. ಆಚೆ ಮಗಳು ರಾಮಾಂಜಿಯ ಯಾವುದೋ ಮಾತಿಗೆ ತಲೆ ಬಗ್ಗಿಸಿ ನಗುತ್ತಿದ್ದಳು. ಇವಳು ಇನ್ನು ಈ ಮನೆಯಲ್ಲಿ ಹೆಚ್ಚು ದಿನ ಇರುವವಳಲ್ಲ ಎಂದು ಅವನಿಗೆ ಆಗ ಹೊಳೆಯಿತು. ಸಂತೋಷಕ್ಕೋ ದುಃಖಕ್ಕೋ ತಿಳಿಯದೆ ಕಣ್ಣೊರೆಸಿಕೊಂಡ. ಸೀಮೆಸುಣ್ಣದ ಕೈ, ಕಣ್ಣು ಇನ್ನಷ್ಟು ಉರಿಯಿತು.

“ಮಾವ, ನಿಮ್ಮ ಸರದಿ. ರಾಕ್ಷಸ ಇನ್ನೂ ಬದುಕವ್ನೆ” ಎಂದು ರಾಮಾಂಜಿ ಕೂಗಿದ.

“ಇರ್ಲಿ ಬಿಡ್ರಿ, ಪಾಪ. ಅವನನ್ನೂ ಲಗ್ನಕ್ಕ ಕರದ್ರಾತು.”

ಗಂಗಣ್ಣನ ಫೋಟೋದ ನಗು ಅಲ್ಲಿಗೇ ನಿಂತಿತು. “ಕರೀರಿ. ಆದ್ರೆ ನನ್ನ ಸಾಯಿಸಿದೋನಿಗೆ ನನಗಿಂತ ಮೊದಲು ವೀಳ್ಯ ಕೊಟ್ರೆ ನಾನು ಚಪ್ಪರಕ್ಕೆ ಕಾಲಿಡಲ್ಲ.”

“ನನಗಿಂತ ಮೊದಲೂ ಕೊಡಂಗಿಲ್ಲ!” ಎಂದಳು ಚಿನ್ನಕ್ಕ.

ಜುಂಜಣ್ಣ ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. “ಅದಕ್ಕ ನಮ್ಮನಿ ರೂಲ್ಸ್ ಏನಂದ್ರ...”

“ಬ್ಯಾಡ!” ಎಂದು ಬೀಗರ ಕಡೆಯವರೂ ಮನೆಯವರೂ ಒಟ್ಟಿಗೇ ಕೂಗಿದರು. ಅವತ್ತು ಎರಡೂ ಕಡೆಯವರು ಒಪ್ಪಿದ ಮೊದಲ ಮಾತು ಅದು. ಜ್ಯೋತಿ ಬಂದು, ಇನ್ನೂ ಊಟ ಮಾಡದಿದ್ದ ಅಪ್ಪನ ಕೈ ಹಿಡಿದು ಊಟದ ಮನೆಗೆ ಕರೆದುಕೊಂಡು ಹೋದಳು.